ಎಲ್ಲರೂ ನೋಡಿದ ಹೆರಿಗೆ

ಬಳ್ಳಾರಿ
19 ಆಗಸ್ಟ್ 2024

ಸಮ್ರಾಟ್,

ನಿನ್ನ ಫೋನನ್ನು ನಾನು ಎತ್ತುವುದಿಲ್ಲ. ನಿನ್ನೆಯಿಂದ ಮಾಡುತ್ತಲೇ ಇದ್ದೀಯ, ನನ್ನ ಬಾಯಿಂದ ಶಭಾಷ್ ಕೇಳುವುದಕ್ಕೆ ಎಂದು ಗೊತ್ತು. ಮಾತಿಗೆ ಇಳಿದರೆ ನಾನು ಕೂಗಾಡುತ್ತೇನೆ, ಕೂಗಾಡಿದ್ದನ್ನು ನೀನು ನಾಳೆಗೆ ಮರೆಯುತ್ತೀಯ. ಅದಕ್ಕೇ ಕಾಗದ. ನಿಮ್ಮ ಆಂಬುಲೆನ್ಸ್ ಡ್ರೈವರ್ ಗಾದೆಪ್ಪ ಸಿರುಗುಪ್ಪದಿಂದ ಪೇಷಂಟ್ ಬಿಡಲು ಬಂದಾಗಲೆಲ್ಲ ನನಗೆ ಸಿಗುತ್ತಾನೆ. ಅವನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರ ಬರೆಯುವುದಿದ್ದರೆ ಅವನ ಕೈಯಲ್ಲೇ ಕೊಡು.

ನಿನ್ನ ವಿಡಿಯೊ ನಾನು ನೋಡಿದ್ದು ಎಲ್ಲಿ ಗೊತ್ತೇ? ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಒಗ್ಗರಣೆ-ಮಿರ್ಚಿ ಅಂಗಡಿಯಲ್ಲಿ. ಪಕ್ಕದ ಬೆಂಚಿನಲ್ಲಿ ಇಬ್ಬರು ಗಂಡಸರು ಒಂದೇ ಫೋನಿಗೆ ತಲೆ ಹಚ್ಚಿ ಕೂತಿದ್ದರು. "ಸಿರುಗುಪ್ಪ ಕಡೀದಂತಲೇ, ಆಂಬುಲೆನ್ಸ್‌ನಾಗ ಹಡದಾಳ" ಎಂದ ಒಬ್ಬ. ಇನ್ನೊಬ್ಬ, "ಹಿಂದಕ್ಕ ತಗಾ, ಇನ್ನೊಂದು ಸಲ ನೋಡಾಣು" ಎಂದ. ಅವರು ಇನ್ನೊಂದು ಸಲ ನೋಡಬೇಕೆಂದದ್ದು ನಿನ್ನ ಮುಖವನ್ನಲ್ಲ.

ಗಾಡಿಯ ಹಿಂದಿನ ಬಾಗಿಲು ಪೂರ್ತಿ ತೆರೆದಿದೆ. ನೀನು ಒಂದು ಕೈಯಲ್ಲಿ ಕೂಸನ್ನು ಎತ್ತಿ ಹಿಡಿದು ಇನ್ನೊಂದು ಕೈಯ ಫೋನಿಗೆ ಭಾಷಣ ಮಾಡುತ್ತಿದ್ದೀಯ. ನಿನ್ನ ಬೆನ್ನ ಹಿಂದೆ ಸ್ಟ್ರೆಚರಿನ ಮೇಲೆ ಒಬ್ಬ ಹೆಂಗಸು ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಬಿದ್ದಿದ್ದಾಳೆ. ಅತ್ತೆಯೋ ತಾಯಿಯೋ, ಒಬ್ಬ ಮುದುಕಿ ತನ್ನ ಸೆರಗನ್ನೇ ಎಳೆದು ಅವಳಿಗೆ ಮರೆ ಮಾಡಲು ಒದ್ದಾಡುತ್ತಿದ್ದಾಳೆ. ಹೊದಿಕೆ ನಿನ್ನ ಮೊಣಕೈ ಪಕ್ಕದಲ್ಲೇ ಮಡಿಸಿದ್ದು ಮಡಿಸಿದಂತೆ ಇದೆ.

ನೀನು ನನ್ನ ಹತ್ತಿರ ಕಲಿಯಲು ಬಂದಾಗ ಮೊದಲ ವಾರವೆಲ್ಲ ಯಾವ ಯಂತ್ರವನ್ನೂ ಮುಟ್ಟಿಸಲಿಲ್ಲ. ಕೈ ತೊಳೆಯುವುದು, ಹೆಸರು ಕೇಳುವುದು, ಮುಟ್ಟುವ ಮೊದಲು ಹೇಳುವುದು, ಹೊದಿಸುವುದು. "ಇದೆಲ್ಲಾ ಆಯಾಗಳ ಕೆಲಸ ಅಲ್ಲೇನ್ರಿ ಸಿಸ್ಟರ್" ಎಂದು ನೀನು ನಕ್ಕಿದ್ದೆ. ನಿನಗೆ ಆಕ್ಸಿಜನ್ ಬೇಕಿತ್ತು, ಸೂಜಿ ಬೇಕಿತ್ತು, ಸೈರನ್ ಬೇಕಿತ್ತು.

ಮಕ್ಕಳ ವಾರ್ಡಿಗೆ ಹೋಗಿ ಬಂದೆ. ಕೂಸು ಬಂದಾಗ ಮೈ ತಣ್ಣಗಿತ್ತಂತೆ. ಸರಿಯಾಗಿ ಒರೆಸಿರಲಿಲ್ಲ. ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಹೊದಿಸು ಎಂದು ಎಷ್ಟು ಸಲ ಹೇಳಿದ್ದೆ. ನೀನು ಒದ್ದೆ ಕೂಸನ್ನು ಗಾಳಿಗೆ ಹಿಡಿದು ಮಾತಾಡುತ್ತ ನಿಂತೆ. ಈಗ ಅದು ಕಾವಿನ ದೀಪದ ಕೆಳಗಿದೆ. ಬದುಕುತ್ತದೆ. ಆದರೆ ಅದನ್ನು ಅಲ್ಲಿಗೆ ಕಳಿಸಿದವನು ನೀನು.

ಈ ಕಾಗದ ಓದಿ ಮುಗಿಸಿದ ಕೂಡಲೇ ಆ ವಿಡಿಯೊ ಅಳಿಸು. ಆಮೇಲೆ ಊಟ ಮಾಡು.

ಸುನಂದಾ


ಸಿರುಗುಪ್ಪ
24 ಆಗಸ್ಟ್ 2024

ಸುನಂದಾ ಸಿಸ್ಟರ್ ಅವರಿಗೆ,

ನಿಮ್ಮ ಕಾಗದ ಓದಿದೆ. ಊಟವನ್ನೂ ಮಾಡಿದೆ. ವಿಡಿಯೊ ಅಳಿಸಿಲ್ಲ.

ನೀವು ಬಳ್ಳಾರಿಯಲ್ಲಿ ಬೆಂಚಿನ ಮೇಲೆ ಕೂತು ನೋಡಿದಿರಿ. ನಾನು ಎಲ್ಲಿದ್ದೆ ಎಂದು ಹೇಳುತ್ತೇನೆ, ಕೇಳಿ. ದೇಶನೂರಿನಿಂದ ಆಕೆಯನ್ನು ಸಿರುಗುಪ್ಪಕ್ಕೆ ತಂದೆವು. ಬಿಪಿ ಏರಿದೆ, ಬಳ್ಳಾರಿಗೆ ಒಯ್ಯಿರಿ ಎಂದರು. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆ ಅಗೆದು ಬಿಟ್ಟಿದ್ದಾರೆ. ಎದುರಿಗೆ ಭತ್ತದ ಲಾರಿ ಹೂತು ನಿಂತಿತ್ತು, ಹಿಂದೆ ಟ್ರ್ಯಾಕ್ಟರ್ ಸಾಲು. ಗಾದೆಪ್ಪಣ್ಣ ಕೆಳಗಿಳಿದು ಎಲ್ಲರಿಗೂ ಕೈಮುಗಿದು ದಾರಿ ಕೇಳುತ್ತಿದ್ದ. ಒಳಗೆ ಆಕೆ ಕಿರುಚುತ್ತಿದ್ದಳು, ಮುದುಕಿ ದೇವರನ್ನೆಲ್ಲ ಕರೆಯುತ್ತಿದ್ದಳು. ನಾನು ನೋಡುವಷ್ಟರಲ್ಲಿ ತಲೆ ಕಾಣುತ್ತಿತ್ತು. ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು, ಸಿಸ್ಟರ್. ಅದು ನಿಮ್ಮ ರಬ್ಬರ್ ಗೊಂಬೆಯಲ್ಲ. ಕೈ ಜಾರುತ್ತಿತ್ತು. ಬೆರಳು ತೂರಿಸಿ ಸುತ್ತನ್ನು ಬಿಡಿಸಿದೆ. ನೀವು ಇರಲಿಲ್ಲ, ಡಾಕ್ಟರ್ ಇರಲಿಲ್ಲ. ನಾನಿದ್ದೆ. ಎರಡು ಜೀವ ನನ್ನ ಕೈಯಲ್ಲಿದ್ದವು, ಎರಡೂ ಉಳಿದವು.

ಆ ಹೊತ್ತಿನಲ್ಲಿ ನನಗಾದ ಸಂತೋಷ ನಿಮಗೆ ಅರ್ಥವಾಗುವುದಿಲ್ಲ. ಯಾರಿಗಾದರೂ ಹೇಳಬೇಕು ಅನಿಸಿತು. ಹೇಳಿದೆ. ಅಷ್ಟೇ.

ನಮ್ಮ ಆಂಬುಲೆನ್ಸ್ ಟ್ರಸ್ಟಿನ ಚನ್ನಬಸವರಾಜ ಸಾಹೇಬರು ತಾವೇ ಫೋನ್ ಮಾಡಿದರು. ಟ್ರಸ್ಟಿನ ಪೇಜಿನಲ್ಲೂ ವಿಡಿಯೊ ಹಾಕಿಸಿದ್ದಾರೆ. ಬಳ್ಳಾರಿಯಲ್ಲಿ ಸ್ಟೇಜಿನ ಮೇಲೆ ಶಾಲು ಹೊದಿಸಿದರು, ನೀವು ಮಾತ್ರ ಬರಲಿಲ್ಲ. ಕುರುಗೋಡಿನಲ್ಲಿ ನಮ್ಮಜ್ಜಿ ಶಿವಬಸಮ್ಮ ಓಣಿಗೆಲ್ಲ ಸಕ್ಕರೆ ಹಂಚಿದ್ದಾಳೆ. "ನಮ್ಮ ಹುಡುಗ ಡಾಕ್ಟ್ರಿಗಿಂತ ಕಮ್ಮಿ ಅಲ್ಲ ಬಿಡು" ಎಂದು ದೊಡ್ಡಬಸವಣ್ಣನ ಗುಡಿಯ ಮುಂದೆ ಕೂತವರಿಗೆಲ್ಲ ಹೇಳುತ್ತಾಳೆ. ಪಿಯುಸಿಯಲ್ಲಿ ಒಂದು ಸಲ ಫೇಲಾದವನು ನಾನು. ನನ್ನ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ.

ಆಕೆಯ ಮುಖ ಕಾಣುವುದಿಲ್ಲ. ನಾನು ಅಡ್ಡ ನಿಂತಿದ್ದೇನೆ. ಒಂದು ತುಂಡು ಬಟ್ಟೆಗಾಗಿ ನೀವು ಇಷ್ಟು ಹಾರಾಡುತ್ತೀರಿ. ನಿಮ್ಮ ಹತ್ತಿರ ಇದ್ದಷ್ಟು ದಿನ "ಪರವಾಗಿಲ್ಲ, ಚಲೋ ಮಾಡಿದಿ" ಎಂದು ಒಂದು ಮಾತು ನಿಮ್ಮ ಬಾಯಿಂದ ಬರಲಿಲ್ಲ. ಈಗ ಊರೇ ಹೇಳುತ್ತಿದೆ, ಅದೂ ನಿಮಗೆ ಸಹಿಸುವುದಿಲ್ಲ.

ಇಂತಿ,
ಸಮ್ರಾಟ್


ಬಳ್ಳಾರಿ
2 ಸೆಪ್ಟೆಂಬರ್ 2024

ಸಮ್ರಾಟ್,

ಕರುಳುಬಳ್ಳಿ ಬಿಡಿಸಿದ್ದು ಸರಿಯಾಗಿ ಮಾಡಿದ್ದೀಯ. ಚಲೋ ಮಾಡಿದ್ದೀಯ. ಬೇಕಿದ್ದ ಮಾತು ಸಿಕ್ಕಿತಲ್ಲ, ಈಗ ಉಳಿದದ್ದನ್ನು ಓದು.

ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಗಾದೆಪ್ಪನ ಹೆಸರಿದೆ, ನಿಮ್ಮಜ್ಜಿಯ ಹೆಸರಿದೆ, ಸಾಹೇಬರ ಹೆಸರಿದೆ. ಹಡೆದವಳ ಹೆಸರಿಲ್ಲ. "ಆಕೆ", "ಆಕೆ". ಹೆಸರು ದುರುಗಮ್ಮ. ಗಂಡ ಎರ್ರಿ. ನಿನ್ನ ವಿಡಿಯೊದಲ್ಲಿ ಸೆರಗು ಎಳೆಯುತ್ತಿರುವವಳು ಅತ್ತೆ ಪಾರಮ್ಮ. ಇದು ನನಗೆ ಗೊತ್ತಾದದ್ದು ದೇಶನೂರಿಗೆ ಹೋಗಿದ್ದರಿಂದ. ಹೊಸಿಲ ಹೊರಗೇ ನಿಲ್ಲಿಸಿದರು. ಆಂಬುಲೆನ್ಸಿನವಳು ಎಂದು ತಿಳಿದ ಕೂಡಲೇ ಪಾರಮ್ಮ, "ಇನ್ನ ಏನ್ ತಗಿಯಾಕ ಬಂದೀಯಬೇ" ಎಂದಳು. ಒಳಗೆ ಕೂಸು ಅಳುತ್ತಿತ್ತು. ದುರುಗಮ್ಮ ಬಾಗಿಲ ಹಿಂದೆ ನಿಂತಿದ್ದಳು, ಕಾಲಿನ ಬೆರಳು ಮಾತ್ರ ಕಂಡಿತು. ನನ್ನ ಮಾತಿಗೆಲ್ಲ ಅಲ್ಲಿಂದಲೇ "ಹೂಂ" ಎಂದಳು.

ಅಲ್ಲಿಂದ ಬಂದವಳೇ ಚನ್ನಬಸವರಾಜರ ಛೇಂಬರಿಗೆ ಹೋದೆ. ಪೇಜಿನಿಂದ ತೆಗೆಸಿ ಎಂದೆ. ಅವರು ನಗುನಗುತ್ತ ಕುರ್ಚಿ ತೋರಿಸಿದರು.

"ಸುನಂದಾ ಅವರ, ಅದನ್ನ ಎಷ್ಟು ಮಂದಿ ನೋಡ್ಯಾರ ಗೊತ್ತೈತೇನ್ರಿ? ನಮ್ಮ ಟ್ರಸ್ಟಿನ ಹೆಸರು ಇವತ್ತು ಮನಿ ಮನಿಗೆ ಹೋಗೇತಿ."

"ಹೆಸರು ಹೋದದ್ದು ಆ ಹೆಣ್ಣುಮಗಳದು, ಸರ್."

"ಹಳ್ಳಿ ಮಂದಿ, ನಾಕು ದಿನ ಮಾತಾಡಿ ಮರೀತಾರ. ನೀವು ಯಾಕ ತಲಿಗೆ ಹಚ್ಚಿಕೊಂತೀರಿ?"

ಬರವಣಿಗೆಯಲ್ಲಿ ದೂರು ಕೊಟ್ಟೆ. ಎರಡನೇ ದಿನ ನನಗೆ ಆರ್ಡರ್ ಬಂತು. ಇನ್ನು ಮುಂದೆ ನಾನು ಹೊಸಬರಿಗೆ ಕಲಿಸುವಂತಿಲ್ಲ. ಕೌಲ್ ಬಜಾರಿನ ಗೋಡೌನಿನಲ್ಲಿ ಗ್ಲೌಸು, ಹತ್ತಿ, ಬ್ಯಾಂಡೇಜ್ ನೋಡಿಕೊಳ್ಳಬೇಕು. ಇಪ್ಪತ್ತು ವರ್ಷ ಪೇಷಂಟ್ ಕೈ ಹಿಡಿದವಳು ಇನ್ನು ರಟ್ಟಿನ ಡಬ್ಬಗಳ ಮುಂದೆ ಕೂರಬೇಕು. ನಿನ್ನ ಶಾಲು ಹೊಸದಾಗಿರುವಾಗಲೇ ಇದೂ ಆಗಿದೆ, ತಿಳಿದಿರಲಿ.

ಈ ತಿಂಗಳ ಪುನರ್ ತರಬೇತಿ ಒಂದು ಬಾಕಿ ಇದೆ. ಅದು ನನ್ನ ಕೊನೆಯದು. ಪಟ್ಟಿಯಲ್ಲಿ ನಿನ್ನ ಹೆಸರಿದೆ, ಬಾರದೆ ಇರುವಂತಿಲ್ಲ. ಬರುವ ಸೋಮವಾರ ಬೆಳಿಗ್ಗೆ ಬಾ.

ಸುನಂದಾ


ಕುರುಗೋಡು
13 ಸೆಪ್ಟೆಂಬರ್ 2024

ಸುನಂದಾ ಸಿಸ್ಟರ್ ಅವರಿಗೆ,

ನಾನು ರಜೆ ಹಾಕಿ ಮನೆಗೆ ಬಂದಿದ್ದೇನೆ. ನೀವು ಮಾಡಿದ್ದನ್ನು ನಮ್ಮ ಅಜ್ಜಿಗೆ ಹೇಳಿಲ್ಲ. ಹೇಳಿದರೆ ಅವಳು ಬಳ್ಳಾರಿಗೆ ಬಂದು ನಿಮ್ಮ ಬಾಗಿಲಲ್ಲಿ ಕೂತು ಶಾಪ ಹಾಕುತ್ತಾಳೆ.

ತರಬೇತಿ ಎಂದು ಕರೆದಿರಿ. "ಇವತ್ತು ನೀನೇ ಪೇಷಂಟ್, ಮಲಗು" ಎಂದಿರಿ. ಮಲಗಿದೆ. ಬೆಲ್ಟ್ ಬಿಗಿದಿರಿ, ಕುತ್ತಿಗೆಗೆ ಪಟ್ಟಿ ಹಾಕಿದಿರಿ, ಕೈ ಅಲುಗಿಸಲು ಬರದಂತೆ ಕಟ್ಟಿದಿರಿ. ಅಲ್ಲಿಯವರೆಗೆ ಸರಿ. ಆಮೇಲೆ ನೀವಾಗಲಿ ಗಾದೆಪ್ಪಣ್ಣನಾಗಲಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಗಾಡಿ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದೆ. ನೀವು ಉತ್ತರ ಕೊಡದೆ ಗಾದೆಪ್ಪಣ್ಣನ ಮಗಳ ಕಾಲೇಜಿನ ವಿಚಾರ ಮಾತಾಡುತ್ತಿದ್ದಿರಿ. ನನಗೆ ಕಾಣುತ್ತಿದ್ದದ್ದು ಗಾಡಿಯ ಛಾವಣಿ ಒಂದೇ. ಪ್ರತಿ ತಿರುವಿನಲ್ಲೂ ಬಿದ್ದೆನೆಂದೇ ಅನಿಸುತ್ತಿತ್ತು. ಹಾರ್ನು, ಆಟೊಗಳ ಸದ್ದು ಕೇಳಿ ಮೋತಿ ಸರ್ಕಲ್ ಇರಬೇಕು ಅಂದುಕೊಂಡೆ. ಅಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಿರಿ. ನನ್ನ ಅಂಗಿಯ ಗುಂಡಿ ಬಿಚ್ಚಿದಿರಿ. ಹೇಳಲಿಲ್ಲ, ಕೇಳಲಿಲ್ಲ. ಬಿಚ್ಚಿದಿರಿ, ಅಷ್ಟೇ. ಜನ ಇಣುಕಿದರು. ಯಾರೋ "ಆಕ್ಸಿಡೆಂಟಾ?" ಎಂದರು, ಇನ್ಯಾರೋ "ಇಲ್ಲಲೇ, ಕುಡದಾನ" ಎಂದರು. ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೊರಟ ಹುಡುಗಿಯರ ಗುಂಪು ನಿಂತು ನೋಡಿತು. ನನ್ನ ಕೈ ಕಟ್ಟಿತ್ತು, ಅಂಗಿ ಮುಚ್ಚಿಕೊಳ್ಳಲು ಬರಲಿಲ್ಲ.

ನಾನು ಅತ್ತುಬಿಟ್ಟೆ. ನೀವು ನೋಡಿದಿರಿ. ನೋಡಿಯೂ ಬಾಗಿಲು ಹಾಕಲಿಲ್ಲ.

ಬೆಲ್ಟ್ ಬಿಚ್ಚಿದ ಮೇಲಾದರೂ ಏನಾದರೂ ಹೇಳುತ್ತೀರಿ ಅಂದುಕೊಂಡೆ. "ಟೀ ಕುಡೀತೀಯೇನು" ಎಂದಿರಿ. ನಾನು ಯಾರಿಗೂ ಹೀಗೆ ಅವಮಾನ ಮಾಡಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಅದನ್ನು ನುಂಗಿಕೊಂಡು ಎದ್ದು ಹೋದೆ.

ನನ್ನ ಫೋನಿನಿಂದ ವಿಡಿಯೊ ಅಳಿಸಿದ್ದೇನೆ. ನಿಮಗೋಸ್ಕರ ಅಲ್ಲ. ಟ್ರಸ್ಟಿನ ಪೇಜಿನಲ್ಲಿ ಇನ್ನೂ ಇದೆ, ಅದು ನನ್ನ ಕೈಯಲ್ಲಿಲ್ಲ. ಎಷ್ಟು ಗ್ರೂಪುಗಳಿಗೆ ಹೋಗಿದೆಯೋ ಅದೂ ನನಗೆ ಗೊತ್ತಿಲ್ಲ. ಇಲ್ಲಿ ಕುರುಗೋಡಿನಲ್ಲಿ ನಿನ್ನೆ ಹೇರ್ ಕಟಿಂಗ್ ಅಂಗಡಿಯವನು ನನಗೇ ತೋರಿಸಲು ಬಂದ.

ನೀವು ಮಾಡಿದ್ದು ತಪ್ಪು. ಅದನ್ನು ನಾನು ಬಿಡುವುದಿಲ್ಲ.

ಸಮ್ರಾಟ್


ದೇಶನೂರು
6 ಅಕ್ಟೋಬರ್ 2024

ಆಂಬುಲೆನ್ಸಿನ ಸಮ್ರಾಟ್ ಅವರಿಗೆ,

ದುರುಗಮ್ಮ ಬರೆಯುವುದು. ಬಳ್ಳಾರಿಯ ಸುನಂದಾ ಸಿಸ್ಟರ್ ಎರಡನೇ ಸಲ ಬಂದಾಗ ನಿಮ್ಮ ವಿಳಾಸ ಕೊಟ್ಟರು. ಬರೆಯಬೇಕು ಅನಿಸಿದರೆ ಬರಿ, ಇಲ್ಲದಿದ್ದರೆ ವಿಳಾಸ ಒಲೆಗೆ ಹಾಕು ಅಂದರು. ನಾನು ಹತ್ತನೇ ತನಕ ಓದಿದ್ದೇನೆ. ಬರೆಯಲು ಬರುತ್ತದೆ.

ನನ್ನ ಮುಖ ಕಾಣುವುದಿಲ್ಲ ಎಂದು ನೀವು ಹೇಳಿದಿರಂತೆ. ನಮ್ಮ ಅತ್ತೆಯ ಮುಖ ಕಾಣುತ್ತದೆ. ನಮ್ಮ ಅತ್ತೆಯ ಮುಂದೆ ಕಾಲು ಅಗಲಿಸಿ ಮಲಗಿದವಳು ಯಾರು ಎಂದು ಊರಿಗೆ ಗೊತ್ತಾಗುವುದಿಲ್ಲವೇ? ನನ್ನ ಮೀನಖಂಡದ ಮೇಲೆ ಹಚ್ಚೆ ಇದೆ. ನಾಟಿ ಮಾಡುವಾಗ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಲ್ಲುವ ಹೆಂಗಸರಿಗೆ ಆ ಹಚ್ಚೆ ಗೊತ್ತು. ಈಗ ಗಂಡಸರಿಗೂ ಗೊತ್ತು.

ಹೋಟೆಲ್ ಕಟ್ಟೆಯಲ್ಲಿ ನನ್ನ ಗಂಡನಿಗೆ, "ಏನಪಾ ಎರ್ರಿ, ನಿನ್ನ ಹೇಣ್ತಿ ಬಾಳ ಫೇಮಸ್ ಆಗ್ಯಾಳ" ಎಂದರಂತೆ. ಅವತ್ತು ಬಂದವನು ತನ್ನ ಫೋನನ್ನು ಕಾಲುವೆಗೆ ಎಸೆದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಫೋನ್ ಹಿಡಿಯಲು ನಿಮ್ಮನ್ನು ನಾನೇ ಕರೆದೆ ಎಂಬ ಹಾಗೆ ಇದ್ದಾನೆ. ಅತ್ತೆ, "ಸೀರಿ ಎಳಕಾಬಾರದಾಗಿತ್ತೇನು" ಅನ್ನುತ್ತಾಳೆ. ಪಕ್ಕದಲ್ಲೇ ಕೂತಿದ್ದವಳು, ಎಲ್ಲ ನೋಡಿದವಳೇ ಹೀಗೆ ಅನ್ನುತ್ತಾಳೆ. ಒಂದು ಕೈಗೆ ಸೂಜಿ ಚುಚ್ಚಿ ನೀವೇ ಪಟ್ಟಿ ಕಟ್ಟಿದ್ದಿರಿ. ಇನ್ನೊಂದು ಕೈಯಲ್ಲಿ ಕಂಬಿ ಹಿಡಿದಿದ್ದೆ. ಸೀರೆ ಎಳೆದುಕೊಳ್ಳಲು ನನಗೆ ಮೂರನೇ ಕೈ ಎಲ್ಲಿತ್ತು?

ನೀರಿಗೆ ಹೋಗುವುದಿಲ್ಲ. ಕಳೆ ತೆಗೆಯಲು ಗುಂಪಿನವರು ಕರೆಯುವುದಿಲ್ಲ. ನನ್ನ ಕೂಸನ್ನು ನೋಡಲು ಬಂದವರು ಕೂಸನ್ನು ಒಂದು ಗಳಿಗೆ ನೋಡಿ ನನ್ನ ಕಾಲು ನೋಡುತ್ತಾರೆ.

ನೀವು ನನ್ನನ್ನು ಉಳಿಸಿದಿರಿ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಉಳಿಸಿದಿರಿ. ಉಳಿಸಿದವರು ಎಂಬ ಕಾರಣಕ್ಕೆ ಬಯ್ಯಲೂ ಆಗದ ಹಾಗೆ ಮಾಡಿದಿರಿ. ನನಗೆ ಅದೇ ಹೆಚ್ಚು ಸಿಟ್ಟು.

ಕ್ಷಮಿಸು ಎಂದು ಬರೆದು ಕಳಿಸಬೇಡಿ. ಮನೆಗೆ ಬಂದು ಹಣ್ಣು ಕೊಟ್ಟು ಮೆಲ್ಲಗೆ ಹೇಳಿ ಹೋಗುವುದೂ ಬೇಡ. ನೋಡಿದವರ ಮುಂದೆ ಬಂದು ಹೇಳಿ. ತಪ್ಪು ನನ್ನದು, ಅವಳದಲ್ಲ ಎಂದು ಹೇಳಿ. ಹೊಗಳಿಸಿಕೊಳ್ಳಲು ಬಳ್ಳಾರಿಯಲ್ಲಿ ಸ್ಟೇಜ್ ಹತ್ತಿದಿರಲ್ಲ, ಬೈಸಿಕೊಳ್ಳಲು ನಮ್ಮೂರ ಕಟ್ಟೆ ಹತ್ತಿ.

ದುರುಗಮ್ಮ


ಸಿರುಗುಪ್ಪ
15 ಅಕ್ಟೋಬರ್ 2024

ಸುನಂದಾ ಸಿಸ್ಟರ್ ಅವರಿಗೆ,

ದುರುಗಮ್ಮನವರ ಕಾಗದ ಬಂದದ್ದು ನಿಮಗೆ ಗೊತ್ತಿರಬೇಕು. ಅದನ್ನು ಓದಿ ಮೊದಲು ನಿಮ್ಮ ಮೇಲೆಯೇ ಸಿಟ್ಟು ಬಂತು. ನೀವೇ ಹೇಳಿ ಬರೆಸಿದ್ದು ಎಂದು ಗಾದೆಪ್ಪಣ್ಣನ ಮುಂದೆ ರೇಗಾಡಿದೆ. ಅವನು ಓದಿಸಿ ಕೇಳಿದ. "ಇದು ಸಿಸ್ಟರ್ ಮಾತಲ್ಲಪಾ, ಸಿಸ್ಟರ್ ಇಷ್ಟು ಸೊಲ್ಪದಾಗ ಬಿಡಾಕಿ ಅಲ್ಲ" ಎಂದ. ಆಮೇಲೆ ತಾನಾಗಿಯೇ, "ನಾನೂ ಬರ್ತೀನಿ ನಡಿ. ಅವತ್ತು ಬಾಗಿಲು ಹಾಕು ಅಂತ ನಾನೂ ಹೇಳಲಿಲ್ಲ" ಎಂದ.

ನಿನ್ನೆ ಬೆಳಿಗ್ಗೆ ಹೋದೆವು. ಹೋಟೆಲಿನ ಮುಂದೆ ಹತ್ತಾರು ಜನ ಇದ್ದರು. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದರು. "ಡಾಕ್ಟ್ರು ಬಂದ್ರು, ಟೀ ಕೊಡ್ರಲೇ" ಎಂದರು. ಟೀ ಬೇಡ ಎಂದೆ. ಕಟ್ಟೆ ಹತ್ತಿದೆ. "ಆ ವಿಡಿಯೊ ಮಾಡಿದ್ದು ನನ್ನ ತಪ್ಪು. ಹೊದಸಬೇಕಾದವ ನಾನು, ಹೊದಸಲಿಲ್ಲ. ದುರುಗಮ್ಮನವರದು ಏನೂ ತಪ್ಪಿಲ್ಲ. ನಿಮ್ಮ ಫೋನಾಗ ಇದ್ರ ಅಳಸ್ರಿ" ಎಂದೆ.

ಆಮೇಲೆ ಹಿಂದಿನಿಂದ ಒಬ್ಬ, "ನಾನು ನೋಡೇ ಇಲ್ಲಪಾ, ಒಂದು ಸಲ ತೋರಿಸಿ ಆಮ್ಯಾಲೆ ಅಳಸು" ಎಂದ. ನಕ್ಕರು. ಟೀ ಹಾಕುವವನೂ ನಕ್ಕ. ನಾನು ಕಟ್ಟೆಯಿಂದ ಜಿಗಿದು ಆ ಮಾತಾಡಿದವನ ಅಂಗಿ ಹಿಡಿದೆ. ಗಾದೆಪ್ಪಣ್ಣ ಬಿಡಿಸದಿದ್ದರೆ ಹೊಡೆದೇಬಿಡುತ್ತಿದ್ದೆ.

ಅಷ್ಟರಲ್ಲಿ ಎರ್ರಿ ಬಂದ. ಗದ್ದೆಯಿಂದ ನೇರ ಬಂದಿರಬೇಕು, ಮೊಣಕಾಲ ತನಕ ಕೆಸರಿತ್ತು. ಏನೂ ಕೇಳಲಿಲ್ಲ. ನನ್ನ ಕೆನ್ನೆಗೆ ಹೊಡೆದ. ಕಿವಿ ಗುಂಯ್ ಎಂದಿತು. ಎರಡನೇ ಸಲ ಕೈ ಎತ್ತಿದವನು ಎತ್ತಿದ ಕೈಯನ್ನು ಹಾಗೇ ಇಳಿಸಿ ಆ ಮಂದಿಯ ಕಡೆ ತಿರುಗಿದ.

"ಇವ ಬಂದು ತಪ್ಪು ಒಪ್ಪಿಗ್ಯಂಡ, ಬಡಿಸಿಗ್ಯಂಡ. ನಿಮ್ಮ ಫೋನಾಗ ಐತಲ್ಲ, ಅದನ್ನ ಯಾರು ಇಟ್ಟಾರ? ಇವ ಬಂದು ಇಟ್ಟಾನೇನು? ತಗೀರಿ ಫೋನು."

ಕೆಲವರು ತೆಗೆದು ಅವನ ಮುಂದೆಯೇ ಅಳಿಸಿದರು. ಕೆಲವರು ಚಾರ್ಜ್ ಇಲ್ಲ ಎಂದರು. ಒಬ್ಬ ಎದ್ದು ಹೋದ. ಎಲ್ಲ ಅಳಿಸಿತು ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಮನೆಯ ಮುಂದೆ ಹಾದು ಬರಬೇಕಾಯಿತು. ದುರುಗಮ್ಮನವರು ಹೊಸಿಲ ಹೊರಗೆ ನಿಂತಿದ್ದರು, ಕೂಸು ಹೆಗಲ ಮೇಲಿತ್ತು. ನಾನು ಕೈಮುಗಿದೆ. "ಬಂದ್ರಲ್ಲ. ಹೋಗ್ರಿ" ಎಂದರು. ಪಾರಮ್ಮ ಒಳಗಿನಿಂದ ನಮ್ಮ ವಂಶವನ್ನೆಲ್ಲ ಬಯ್ಯುತ್ತಿದ್ದಳು.

ಮೋತಿ ಸರ್ಕಲಿನದ್ದನ್ನು ನಾನು ಇನ್ನೂ ಬಿಟ್ಟಿಲ್ಲ, ಸಿಸ್ಟರ್.

ಸಮ್ರಾಟ್


ಬಳ್ಳಾರಿ
20 ನವೆಂಬರ್ 2024

ಸಮ್ರಾಟ್,

ಬಿಡಬೇಡ. ಬಿಡು ಎಂದು ನಾನು ಕೇಳಿಲ್ಲ.

ಗೋಡೌನಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಕಿಟಕಿ ಇಲ್ಲ, ಫಿನಾಯಿಲ್ ವಾಸನೆಗೆ ತಲೆ ಹಿಡಿಯುತ್ತದೆ. ಮೊನ್ನೆ ಹೊಸ ಬ್ಯಾಚು ಬಂದಿದೆ. ನನ್ನ ಜಾಗದಲ್ಲಿ ಶಶಿಕಾಂತ್ ಎನ್ನುವವನು ಕಲಿಸುತ್ತಿದ್ದಾನೆ. ಮೊದಲ ದಿನವೇ ಪರದೆ ಇಳಿಸಿ ನಿನ್ನ ವಿಡಿಯೊ ಹಾಕಿ, "ನೋಡ್ರಿ, ನೀವೂ ಹಿಂಗ ಆಗಬೇಕು" ಎಂದನಂತೆ. ಹುಡುಗರು ಚಪ್ಪಾಳೆ ತಟ್ಟಿದರಂತೆ. ಹತ್ತಿ ಒಯ್ಯಲು ಬಂದ ಹುಡುಗಿ ಹೇಳಿದಳು. ಕೇಳಿದಾಗ ಕೈಯಲ್ಲಿದ್ದ ಡಬ್ಬ ಗೋಡೆಗೆ ಎಸೆದೆ. ಎಸೆದು ಏನು ಬಂತು, ಮತ್ತೆ ನಾನೇ ಆರಿಸಿ ಇಟ್ಟೆ.

ಚನ್ನಬಸವರಾಜರ ಹತ್ತಿರ ನೀನೂ ಹೋಗಿ ಬೇಡಿಕೊಂಡೆ ಎಂದು ಗೊತ್ತಾಯಿತು. ಶಾಲನ್ನು ಮೇಜಿನ ಮೇಲೆ ಇಟ್ಟು ಬಂದೆಯಂತೆ. ಅವರು ಅದನ್ನು ಮಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ, ಮುಂದಿನವನಿಗೆ ಹೊದಿಸುತ್ತಾರೆ. ಪೇಜಿನಿಂದ ವಿಡಿಯೊ ತೆಗೆಸಿಲ್ಲ. ಕೇಳಿಕೊಳ್ಳುವುದರಿಂದ ಆಗುವ ಕೆಲಸವಲ್ಲ ಅದು.

ಬರುವ ಸೋಮವಾರ ದುರುಗಮ್ಮ ಸಿರುಗುಪ್ಪ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಡುತ್ತಾಳೆ. ಅವಳೇ ತೀರ್ಮಾನ ಮಾಡಿದ್ದು. ಎರ್ರಿಗೆ ಮೊದಲು ಮನಸ್ಸಿರಲಿಲ್ಲ, ಮತ್ತೆ ಊರ ಬಾಯಿಗೆ ಬೀಳುತ್ತೇವೆ ಎಂದ. "ಈಗೇನು ಊರ ಬಾಯಾಗ ಇಲ್ಲೇನು?" ಎಂದಳಂತೆ. ಈಗ ಅವನೇ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾನೆ. ಟ್ರಸ್ಟಿನ ಹೆಸರು ಬರೆಸುತ್ತಾಳೆ. ಅದಕ್ಕೂ ಮೊದಲು ನಿನ್ನ ಹೆಸರು.

ಅದನ್ನು ಬಿಡಿಸು ಎಂದು ನಾನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನಗೆ ಮೊದಲೇ ತಿಳಿಸಬೇಡಿ ಎಂದು ಅವಳು ಅಂದಿದ್ದರೆ ಸುಮ್ಮನಿರುತ್ತಿದ್ದೆ. "ಹೇಳ್ರಿ, ಬರ್ತಾನೋ ಓಡಿಹೋಗ್ತಾನೋ ನೋಡಾಣು" ಎಂದಳು. ನಾನು ಸಾಕ್ಷಿಯಾಗಿ ಬರುತ್ತಿದ್ದೇನೆ. ಗೋಡೌನೂ ಹೋಗುತ್ತದೆ, ಗೊತ್ತು. ನಿನ್ನ ಕೆಲಸವೂ ಹೋಗುತ್ತದೆ. ಇನ್ನೊಂದು ಕಡೆ ಕೆಲಸ ಕೇಳಲು ಹೋದರೆ ಈ ಕೇಸಿನ ಮಾತು ನಿನ್ನ ಹಿಂದೆಯೇ ಬರುತ್ತದೆ.

ನಿನಗೆ ಕಲಿಸುವಾಗ ನನಗೆ ಒಂದು ನಂಬಿಕೆ ಇತ್ತು. ಈ ಹುಡುಗನ ಕೈ ಚಲೋ ಐತಿ, ಬಾಯಿ ಒಂದು ತಗ್ಗಿದರೆ ಸಾಕು ಅಂದುಕೊಳ್ಳುತ್ತಿದ್ದೆ. ನನ್ನ ಸಿಟ್ಟು ಇಷ್ಟು ದಿನವಾದರೂ ಆರದಿರುವುದು ಅದಕ್ಕೇ ಇರಬೇಕು.

ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಸುನಂದಾ


ಕುರುಗೋಡು
9 ಡಿಸೆಂಬರ್ 2024

ಸುನಂದಾ ಸಿಸ್ಟರ್ ಅವರಿಗೆ,

ಅವತ್ತು ನೀವು ಸಹಿ ಹಾಕಿ ಬಳ್ಳಾರಿ ಬಸ್ಸಿಗೆ ಹೊರಟ ಮೇಲೆ ಸ್ಟೇಷನ್ನಿನಲ್ಲಿ ಆದದ್ದನ್ನು ನಿಮಗೆ ತಿಳಿಸಬೇಕು. ಈಗ ನಾನು ಆಂಬುಲೆನ್ಸಿನಲ್ಲಿಲ್ಲ, ಗಾದೆಪ್ಪಣ್ಣನ ಕೈಯಲ್ಲಿ ಕೊಡಲಾಗುವುದಿಲ್ಲ, ಪೋಸ್ಟಿಗೆ ಹಾಕುತ್ತಿದ್ದೇನೆ.

ನನ್ನ ಹೇಳಿಕೆ ಬರೆದುಕೊಂಡರು. ನಾನು ಏನನ್ನೂ ಮುಚ್ಚಿಡಲಿಲ್ಲ. ಕರುಳುಬಳ್ಳಿಯ ವಿಷಯ ಹೇಳಲು ಹೊರಟವನು ಅಲ್ಲಿಗೇ ನಿಲ್ಲಿಸಿದೆ, ಅದನ್ನು ಅವರು ಕೇಳಿರಲಿಲ್ಲ. ಬರೆಯುತ್ತಿದ್ದ ಪೊಲೀಸಿನವರು ವಯಸ್ಸಾದವರು, ಒಳ್ಳೆಯ ಮನುಷ್ಯ. ಪೆನ್ನು ಕೆಳಗಿಟ್ಟು ದುರುಗಮ್ಮನವರನ್ನು ಕೇಳಿದರು, "ತಂಗೀ, ಈ ಹುಡುಗ ನಿಮ್ಮೂರಿಗೆ ಬಂದು ಕ್ಷಮಾ ಕೇಳ್ಯಾನಂತ. ತಾನಾಗಿಯೇ ಇಲ್ಲಿಗೂ ಬಂದಾನ. ಇವನ ಹೆಸರೂ ಇರಬೇಕೇನವ್ವಾ?"

ದುರುಗಮ್ಮನವರು ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಹಾಕಿಕೊಂಡರು. "ಕ್ಷಮಾ ಕೇಳಿದ್ದು ಅವರ ಕೆಲಸ. ಬರಸೋದು ನನ್ನ ಕೆಲಸ. ಬರಕಳ್ರಿ" ಎಂದರು.

ಬರೆದುಕೊಂಡರು. ನನಗೆ ಅವಮಾನ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನಿಸಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದರೆ ಗೊತ್ತಿಲ್ಲ.

ಟ್ರಸ್ಟಿನ ಪೇಜಿನಿಂದ ಮೂರನೇ ದಿನ ವಿಡಿಯೊ ಹೋಯಿತು, ನೋಡಿರುತ್ತೀರಿ. ಅದೇ ದಿನ ನನ್ನನ್ನು ಕೆಲಸದಿಂದ ತೆಗೆದ ಆರ್ಡರ್ ಬಂತು. ಅದರಲ್ಲಿ ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದಾನೆ ಎಂದು ಬರೆದಿದ್ದಾರೆ. ಓದಿ ಹರಿದು ಹಾಕಿದೆ. ಅಜ್ಜಿಗೆ ಎಲ್ಲ ಹೇಳಿದ್ದೇನೆ. ಗುಡಿಯ ಮುಂದೆ ಕೂರುವುದನ್ನು ಬಿಟ್ಟಿದ್ದಾಳೆ. ನನ್ನ ಊಟದ ತಟ್ಟೆಯನ್ನು ಸದ್ದಾಗುವ ಹಾಗೆ ಇಡುತ್ತಾಳೆ, ಆದರೆ ಇಡುತ್ತಾಳೆ.

ಇಷ್ಟು ಮಾತ್ರ ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಸ್ಟೇಷನ್ನಿನಿಂದ ಹೊರಗೆ ಬಂದಾಗ ಬಿಸಿಲಿತ್ತು. ಎರ್ರಿ ಗಾಡಿ ಸ್ಟಾರ್ಟ್ ಮಾಡಿದ್ದ. ದುರುಗಮ್ಮನವರು ಹತ್ತಿ ಕೂತವರು ಮತ್ತೆ ಇಳಿದು ನನ್ನ ಹತ್ತಿರ ಬಂದರು. ಇನ್ನೂ ಬಯ್ಯುವುದು ಉಳಿದಿದೆ ಅಂದುಕೊಂಡೆ.

"ಹುಟ್ಟಿದಾಗ ಇದು ಹೆಂಗಿತ್ತು?" ಎಂದರು.

ಏನು ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

"ಊರ ಮಂದಿ ಎಲ್ಲಾ ನೋಡ್ಯಾರ. ಬಳ್ಳಾರಿ ಮಂದಿ ನೋಡ್ಯಾರ. ನಾ ನೋಡಿಲ್ಲ. ನನಗ ಅವತ್ತು ಕಣ್ಣು ಕತ್ತಲಿ ಬಂದಿದ್ದವು. ಕೈಗೆ ಕೊಟ್ಟಾಗ ಮೂರು ದಿನದ ಕೂಸು."

ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ, ಇದ್ದಿದ್ದರೂ ತೋರಿಸುತ್ತಿರಲಿಲ್ಲ. ಹೇಳಿದೆ. ತಲೆ ತುಂಬ ಕೂದಲಿತ್ತು, ಹಣೆಗೆ ಅಂಟಿಕೊಂಡಿತ್ತು ಎಂದೆ. ಬಲಗೈಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡೇ ಬಂತು ಎಂದೆ. ಮೈ ಮೊದಲು ನೀಲಿಯಿತ್ತು, ಬೆನ್ನು ತಿಕ್ಕಿದ ಮೇಲೆ ಕೆಂಪಾಯಿತು, ಕಿವಿಯಿಂದ ಶುರುವಾಗಿ ಕೆಂಪಾಯಿತು. ಬಾಯಿ ತೆರೆಯಿತು, ದನಿ ಬರಲಿಲ್ಲ. ನನಗೆ ಜೀವ ಹೋದ ಹಾಗಾಯಿತು. ಆಮೇಲೆ ಸೀನಿತು, ಆಮೇಲೆ ಅತ್ತಿತು.

"ಸೀನಿತಾ?" ಎಂದರು.

"ಎರಡು ಸಲ, ಅಕ್ಕಾ."

ಎರ್ರಿ ಗಾಡಿ ಆಫ್ ಮಾಡಿದ.

"ಮತ್ತ?" ಎಂದರು. ಮತ್ತೆ ಹೇಳಿದೆ. ಕಾಲಿನ ಬೆರಳು, ಉಗುರು, ಅಂಗಾಲಿನ ಸುಕ್ಕು, ನನಗೆ ನೆನಪಿದೆ ಎಂದು ನನಗೇ ಗೊತ್ತಿರದಿದ್ದನ್ನೆಲ್ಲ ಹೇಳಿದೆ. ಅವರು ಪ್ರತಿಯೊಂದಕ್ಕೂ ಕೂಸಿನ ಆಯಾ ಭಾಗವನ್ನು ಮುಟ್ಟಿ ನೋಡುತ್ತಿದ್ದರು. ಕೂಸಿಗೆ ಅಂಜನಾ ಎಂದು ಹೆಸರಿಟ್ಟಿದ್ದಾರಂತೆ. ನೆನಪಿದ್ದದ್ದನ್ನೆಲ್ಲ ಹೇಳಿ ಮುಗಿಸಿದೆ. ಆಮೇಲೆ ಗಾಡಿ ಹತ್ತಿ, "ನಡಿ" ಎಂದು ಗಂಡನ ಬೆನ್ನು ತಟ್ಟಿದರು. ನನ್ನ ಕಡೆ ನೋಡಲಿಲ್ಲ.

ಸಮ್ರಾಟ್